ನಮಗೆ ಹಿಡಿಸಿದ ದೇಶ, ಹಿಡಿಸದ ದೇಶ

ಸಂಘದ ಸಭೆ ಮುಗಿದು ಊಟದ ಪಂಕ್ತಿಗೆ ಕೂತಾಗಲೆಲ್ಲ ಯಾರಾದರೊಬ್ಬರು ನಮ್ಮನ್ನು ಕೇಳುವುದುಂಟು: "ನೀವು ನಾಲ್ವರು ಅಷ್ಟು ದೇಶ ತಿರುಗಿದಿರಲ್ಲ ಮಾರಾಯರೆ, ಯಾವುದು ಒಳ್ಳೆಯದು? ಯಾವುದು ಬೇಡ ಅನಿಸಿತು?" ಅನ್ನಕ್ಕೆ ಸಾರು ಬೀಳುವಷ್ಟರಲ್ಲಿ ಉತ್ತರ ಹೇಳಿ ಮುಗಿಸಬೇಕಾಗುತ್ತದೆ. ಆದ್ದರಿಂದ ನಾವು ಇದುವರೆಗೆ ಒಂದು ನಗೆಮಾತು ಹೇಳಿ ತಪ್ಪಿಸಿಕೊಂಡು ಬಂದಿದ್ದೇವೆ. ಸರಿಯಾದ ಉತ್ತರ ಸ್ವಲ್ಪ ಉದ್ದದ್ದು. ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ, ನಾವು ಪ್ರವಾಸಿಗಳಲ್ಲ. ನಮ್ಮಲ್ಲಿ ಮೂವರದ್ದು ಇಡ್ಲಿ-ದೋಸೆ ಹೋಟೆಲು, ಒಬ್ಬರದ್ದು ಮದುವೆ ಊಟದ ಕೇಟರಿಂಗ್. ವರ್ಷದ ಮುನ್ನೂರ ಅರುವತ್ತೈದು ದಿನವೂ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುವವರಿಗೆ ಸ್ವಿಟ್ಜರ್ಲೆಂಡಿನ ಹಿಮ ನೋಡುವ ಪುರುಸೊತ್ತು ಎಲ್ಲಿಂದ ಬರಬೇಕು? ಯಂತ್ರ ಖರೀದಿ, ಪಾತ್ರೆ ಖರೀದಿ, ವ್ಯಾಪಾರ ಮೇಳ, ಹೊಸ ಶಾಖೆ ತೆರೆಯುವ ಆಲೋಚನೆ, ಇವುಗಳ ನೆಪದಿಂದ ಹೋದದ್ದೇ ನಮ್ಮ ವಿದೇಶ. ಹೆಚ್ಚೆಂದರೆ ಐದು ದಿನ, ಆರನೆಯ ದಿನ ಗಲ್ಲೆಗೆ ಹಾಜರು.

ಹೋಟೆಲಿನವರ ಕಣ್ಣು ಬೇರೆಯವರ ಕಣ್ಣಿನ ಹಾಗಲ್ಲ ಎಂಬುದು ನಿಮಗೂ ಗೊತ್ತು. ಬೇರೆಯವರು ಹೋಟೆಲಿಗೆ ಹೋದರೆ ಮೆನು ಕಾರ್ಡ್ ನೋಡುತ್ತಾರೆ. ನಾವು ಮೋರಿ ನೋಡುತ್ತೇವೆ, ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ನೋಡುತ್ತೇವೆ. ನಮ್ಮಲ್ಲಿ ಹಿರಿಯರಾದವರಿಗೆ ಇನ್ನೂ ಒಂದು ಅಭ್ಯಾಸ. ಎಲ್ಲೇ ಹೋಗಲಿ, "ಇಲ್ಲಿ ಕೆಲಸದವರು ಎಲ್ಲಿ ಕೂತು ಉಣ್ಣುತ್ತಾರೆ?" ಎಂದು ವಿಚಾರಿಸುತ್ತಾರೆ. ಅವರು ಹತ್ತನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಕಪ್ಪು-ಬಸಿ ತೊಳೆದವರು, ಹಗಲು ಹೋಟೆಲು, ಸಂಜೆ ರಾತ್ರಿ ಶಾಲೆ, ಆಮೇಲೆ ಪೋಟ್‌ಮಾಳಾದಲ್ಲಿ ಚಾಪೆ. ಮೊದಮೊದಲು ನಾವು ಮೂವರು ಅವರನ್ನು ತಮಾಷೆ ಮಾಡುತ್ತಿದ್ದೆವು. ಈಗ ನೋಡಿದರೆ, ದೇಶ ಅಳೆಯಲು ಆ ಪ್ರಶ್ನೆಗಿಂತ ಒಳ್ಳೆಯ ಅಳತೆಗೋಲು ನಮಗೆ ಸಿಗಲಿಲ್ಲ.

ಚೀನಾ: ಆಯಸ್ಕಾಂತ ಕೈಕೊಟ್ಟಿತು

2011ರ ಅಕ್ಟೋಬರಿನಲ್ಲಿ ನಾವು ಗುವಾಂಗ್‌ಝೌ ನಗರದ ಕ್ಯಾಂಟನ್ ಮೇಳಕ್ಕೆ ಹೋದೆವು. 1957ರಿಂದ ನಡೆದು ಬಂದ ಮೇಳ ಅದು. ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಒಂದು, ಶರತ್ಕಾಲದಲ್ಲಿ ಒಂದು. ಒಂದೊಂದು ಸಲವೂ ಮೂರು ಹಂತ. ಯಂತ್ರಗಳು ಮೊದಲನೆಯ ಹಂತದಲ್ಲಿ, ಪಾತ್ರೆ-ಪಗಡಿ, ಪಿಂಗಾಣಿ ಎರಡನೆಯ ಹಂತದಲ್ಲಿ. ಇದು ಗೊತ್ತಿಲ್ಲದೆ ಪ್ಲೇಟು ಕೊಳ್ಳಲು ಹೋಗಿ ಬರೀ ಯಂತ್ರ ನೋಡಿ ಬಂದವರು ನಮ್ಮಲ್ಲೇ ಇದ್ದಾರೆ. ಪಝೌ ಎಂಬಲ್ಲಿರುವ ಆ ಮೇಳದ ಕಟ್ಟಡಗಳಲ್ಲಿ ಮೂರು ದಿನ ನಡೆದು ನಮ್ಮ ಚಪ್ಪಲಿ ಸವೆಯಿತು, ಮೇಳ ಮುಗಿಯಲಿಲ್ಲ.

ಅಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಸ್ಟೀಲಿನ ಸಿಂಕು, ವರ್ಕ್ ಟೇಬಲು, ಪಾತ್ರೆ ಇಡುವ ರ‍್ಯಾಕು, ಎಲ್ಲ ಸೇರಿ ಒಂದು ಕಂಟೇನರಿನ ಮಾಲು ಮಾತಾಡಿದೆವು. ಮೂವತ್ತು ಪರ್ಸೆಂಟ್ ಮುಂಗಡ, ಉಳಿದದ್ದು ಹಡಗಿನ ಕಾಗದ ಪತ್ರ ತೋರಿಸಿದ ಮೇಲೆ. ಊರಲ್ಲಿ ಮಾಡುವ ಹಾಗೆಯೇ ಜೇಬಿನಿಂದ ಆಯಸ್ಕಾಂತ ತೆಗೆದು ಟೇಬಲಿಗೆ ತಾಗಿಸಿ ನೋಡಿದೆವು. ಹಿಡಿಯಲಿಲ್ಲ. ಅಂದರೆ ಒಳ್ಳೆಯ ಸ್ಟೀಲು ಎಂದು ನಾಲ್ವರೂ ತಲೆಯಾಡಿಸಿದೆವು.

ಮಾಲು ನ್ಹಾವಾ ಶೇವಾ ಬಂದರಿಗೆ ಬಂತು. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಬೆಸುಗೆ ಹಾಕಿದ ಕಡೆಗಳಲ್ಲೆಲ್ಲ ಕಂದು ಕಲೆ. ಉಪ್ಪು, ಹುಣಸೆಹುಳಿ ಬೀಳುವ ಜಾಗದಲ್ಲಿ ಸಣ್ಣ ಸಣ್ಣ ಗುಳಿ. ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಅದು 304 ಅಲ್ಲ, 202. ಬಂಧುಗಳು ಇದನ್ನು ನೆನಪಿಡಬೇಕು: 304 ಸ್ಟೀಲಿನಲ್ಲಿ ಸುಮಾರು 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಅದರ ಜಾಗಕ್ಕೆ ಮ್ಯಾಂಗನೀಸ್ ಹಾಕಿರುತ್ತಾರೆ. ಬೆಲೆ ಕಡಿಮೆ, ತುಕ್ಕು ಬೇಗ. ಆದರೆ ಆಯಸ್ಕಾಂತ ಎರಡಕ್ಕೂ ಹಿಡಿಯುವುದಿಲ್ಲ! ನಮ್ಮ ಅಪ್ಪಂದಿರ ಕಾಲದಿಂದ ನಂಬಿ ಬಂದ ಪರೀಕ್ಷೆ ಇಲ್ಲಿ ಏನೂ ಹೇಳುವುದಿಲ್ಲ. ಒಂದು ಹನಿ ದ್ರಾವಣ ಹಾಕಿ ಬ್ಯಾಟರಿ ತಾಗಿಸಿ ಬಣ್ಣ ನೋಡುವ ಚಿಕ್ಕ ಕಿಟ್ಟು ಸಿಗುತ್ತದೆ. ಮ್ಯಾಂಗನೀಸ್ ಹೆಚ್ಚಿದ್ದರೆ ಕೆಂಪಾಗುತ್ತದೆ. ಅದನ್ನು ಅಂದೇ ಕೊಂಡುಹೋಗಿದ್ದರೆ ನಮಗೆ ಲಕ್ಷಗಟ್ಟಲೆ ಉಳಿಯುತ್ತಿತ್ತು.

ಹಾಗಾದರೆ ಚೀನಾವೇ ನಮಗೆ ಹಿಡಿಸದ ದೇಶ ಎಂದು ನೀವು ತಿಳಿಯಬಹುದು. ಇಲ್ಲ. ನಮ್ಮ ಆರ್ಡರ್ ಕಾಗದವನ್ನು ಮತ್ತೆ ತೆಗೆದು ನೋಡಿದಾಗ ಅದರಲ್ಲಿ "ಸ್ಟೇನ್‌ಲೆಸ್ ಸ್ಟೀಲ್" ಎಂದಷ್ಟೇ ಇತ್ತು. ಗ್ರೇಡು ಬರೆದಿರಲಿಲ್ಲ, ದಪ್ಪ ಬರೆದಿರಲಿಲ್ಲ, ಹಡಗು ಹತ್ತುವ ಮೊದಲು ಮೂರನೆಯವರಿಂದ ಮಾಲು ಪರೀಕ್ಷೆ ಮಾಡಿಸುವ ಶರ್ತವೂ ಇರಲಿಲ್ಲ. ದಿನಸಿ ಅಂಗಡಿಯವನ ಚೀಟಿಯಲ್ಲಿ ಹೆಸರುಬೇಳೆಗೆ ಎರಡು ರೂಪಾಯಿ ಹೆಚ್ಚಾದರೆ ಜಗಳಾಡುವ ನಾವು, ಲಕ್ಷಗಟ್ಟಲೆ ರೂಪಾಯಿಯ ಮಾಲಿಗೆ ಮೂರು ಸಾಲು ಬರೆದು ಬಂದಿದ್ದೆವು.

ಇನ್ನೊಂದು ಸಂಗತಿ. ಆ ಪ್ರವಾಸದಲ್ಲಿ ಬೇರೊಂದು ಕಾರ್ಖಾನೆಗೆ ಹೋಗಿದ್ದೆವು. ಮಧ್ಯಾಹ್ನ ಹನ್ನೆರಡಾಯಿತು ನೋಡಿ, ಎಲ್ಲ ಯಂತ್ರ ನಿಂತವು. ನಮ್ಮ ಜತೆ ರೇಟು ಮಾತಾಡುತ್ತಿದ್ದ ಮೆನೇಜರು ಕೂಡ ಎದ್ದು ಹೋಗಿ ಕೆಲಸದವರ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ. ಉಂಡ ಮೇಲೆ ದೀಪ ಆರಿಸಿ ಎಲ್ಲರೂ ಇದ್ದಲ್ಲೇ ತಲೆಯಿಟ್ಟು ಅರ್ಧ ಗಂಟೆ ಮಲಗಿದರು. ನಮ್ಮ ಹಿರಿಯರು ಮೆಲ್ಲಗೆ ಕೇಳಿದರು, "ನಮ್ಮ ಹುಡುಗರು ಎಷ್ಟು ಗಂಟೆಗೆ ಉಣ್ಣುತ್ತಾರೆ?" ನಾಲ್ಕು ಗಂಟೆಗೆ, ಊಟದ ಗಿರಾಕಿ ಎಲ್ಲ ಮುಗಿದ ಮೇಲೆ, ಉಳಿದದ್ದನ್ನು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಜಪಾನ್: ಕಣ್ಣು ತುಂಬಿತು, ಹೊಟ್ಟೆ ತುಂಬಲಿಲ್ಲ

2017ರಲ್ಲಿ ಟೋಕಿಯೋಗೆ ಹೋದದ್ದು ಕಪ್ಪಾಬಾಶಿ ಬೀದಿ ನೋಡಲು. ಉಎನೋ ಮತ್ತು ಅಸಕುಸಾ ಎಂಬ ಎರಡು ಪೇಟೆಗಳ ನಡುವಿನ ಈ ಬೀದಿ ಸುಮಾರು 800 ಮೀಟರ್ ಉದ್ದ. ಉದ್ದಕ್ಕೂ ಹೋಟೆಲಿಗೆ ಬೇಕಾದ ಸಾಮಾನಿನ ಅಂಗಡಿಗಳೇ. ಚಾಕು, ಬಾಣಲೆ, ಬೋರ್ಡು, ಬಾಗಿಲಿಗೆ ಕಟ್ಟುವ ಬಟ್ಟೆ, ಗಾಜಿನ ಕಪಾಟಿನಲ್ಲಿಡುವ ಪ್ಲಾಸ್ಟಿಕ್ ತಿಂಡಿಯ ಮಾದರಿಗಳು. ನಿಜವಾದ ತಿಂಡಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಭಾಷೆ ಬಾರದ ಗಿರಾಕಿ ಬೆರಳು ತೋರಿಸಿದರೆ ಸಾಕು.

ಅಲ್ಲಿನ ಚಿಕ್ಕ ಹೋಟೆಲುಗಳು ನಮಗೆ ಬಹಳ ಹಿಡಿಸಿದವು. ಎಂಟೇ ಜನ ಕೂರುವ ಜಾಗ. ಬಾಗಿಲ ಬಳಿ ಟಿಕೆಟಿನ ಯಂತ್ರ. ಗಿರಾಕಿ ದುಡ್ಡು ಹಾಕಿ ಗುಂಡಿ ಒತ್ತುತ್ತಾನೆ, ಚೀಟಿ ತೆಗೆದು ಅಡುಗೆಯವನ ಮುಂದೆ ಇಡುತ್ತಾನೆ. ನಮ್ಮ ದರ್ಶಿನಿಗಳ ಕೂಪನ್ ಪದ್ಧತಿಯೇ, ಆದರೆ ಗಲ್ಲೆಯಲ್ಲಿ ಮನುಷ್ಯ ಇಲ್ಲ. ಅಡುಗೆಯವನ ಕೈ ದುಡ್ಡು ಮುಟ್ಟುವುದಿಲ್ಲ. ಟಿಪ್ಸ್ ಕೊಟ್ಟರೆ ಹಿಂದಿನಿಂದ ಓಡಿ ಬಂದು ವಾಪಸು ಕೊಡುತ್ತಾರೆ. ಇನ್ನು ಕೆಲಸದವರ ಊಟಕ್ಕೆ ಅಲ್ಲಿ ಬೇರೆ ಹೆಸರೇ ಇದೆ, ಮಕನಾಯಿ. ಅದನ್ನು ಹೆಚ್ಚಾಗಿ ಕಿರಿಯ ಅಡುಗೆಯವನು ಮಾಡಬೇಕು, ಹಿರಿಯರು ರುಚಿ ನೋಡಿ ತಪ್ಪು ಹೇಳಬೇಕು. ಕೆಲಸದವರ ಊಟವೇ ಅವರ ಶಾಲೆ.

ಹೊಟ್ಟೆಯದ್ದು ಮಾತ್ರ ಕಷ್ಟ. ನಮ್ಮ ಹಿರಿಯರು ಶುದ್ಧ ಸಸ್ಯಾಹಾರಿ, ಈರುಳ್ಳಿಯೂ ಆಗದು. ತರಕಾರಿ ಸಾರು ಎಂದು ಕೊಟ್ಟದ್ದರಲ್ಲೂ ದಾಶಿ ಇರುತ್ತದೆ, ಅಂದರೆ ಒಣಮೀನಿನ ತಿಳಿ. ಅಲ್ಲಿನವರ ಪಾಲಿಗೆ ಅದು ನಮ್ಮ ಒಗ್ಗರಣೆಯ ಹಾಗೆ. ಅದಿಲ್ಲದೆ ಸಾರೇ ಇಲ್ಲ. ಹಿರಿಯರು ನಾಲ್ಕು ದಿನ ಮನೆಯಿಂದ ತಂದ ಅವಲಕ್ಕಿ, ಉಪ್ಪಿನಕಾಯಿ, ಅಲ್ಲಿನ ಬಾಳೆಹಣ್ಣಿನಲ್ಲಿ ಕಳೆದರು. ನಾವು ಮೆಚ್ಚಿದ ಒಂದು ಯಂತ್ರವನ್ನೂ ತರಲಾಗಲಿಲ್ಲ. ಅಲ್ಲಿ ಮನೆ-ಅಂಗಡಿಗಳ ವಿದ್ಯುತ್ತು 100 ವೋಲ್ಟ್, ನಮ್ಮದು 230. ಮೆಚ್ಚಿಕೊಂಡೆವು, ಆದರೆ ವ್ಯಾಪಾರ ಕುದುರಲಿಲ್ಲ.

ಸಿಂಗಾಪುರ: ನಮ್ಮ ಮೆಚ್ಚಿನದು

ಈ ದೇಶಕ್ಕೆ ನಾವು ಮೂರು ಸಲ ಹೋಗಿದ್ದೇವೆ: 2008, 2014, ಮತ್ತೆ 2022. ಮೊದಲ ಸಲ ಹೋದಾಗ ಎಲ್ಲರ ಹಾಗೆ ಸಿರಂಗೂನ್ ರಸ್ತೆಗೆ ಹೋಗಿ 1947ರಲ್ಲಿ ಶುರುವಾದ ಕೋಮಳ ವಿಲಾಸಿನಲ್ಲಿ ದೋಸೆ ತಿಂದೆವು. ಎರಡನೆಯ ಸಲ ಹೋಗುವಷ್ಟರಲ್ಲಿ ಬೆಂಗಳೂರಿನ ಎಂ.ಟಿ.ಆರ್. ಅದೇ ರಸ್ತೆಯಲ್ಲಿ ಶಾಖೆ ತೆರೆದಿತ್ತು (2013). ಅಲ್ಲಿ ರವೆ ಇಡ್ಲಿ ತಿಂದು ಹೆಮ್ಮೆಪಟ್ಟೆವು. ಆದರೆ ನಮಗೆ ಸಿಂಗಾಪುರ ಹಿಡಿಸಿದ್ದು ಇವುಗಳಿಂದಲ್ಲ, ಅಲ್ಲಿನ ಹಾಕರ್ ಸೆಂಟರುಗಳಿಂದ.

ಅದರ ಕತೆ ಹೀಗೆ. 1960ರ ದಶಕದಲ್ಲಿ ಸಿಂಗಾಪುರದ ಬೀದಿಗಳು ನಮ್ಮ ದಾದರಿನ ಸ್ಟೇಷನ್ ಬದಿಯ ಹಾಗೆಯೇ ಇದ್ದವು. ಕೈಗಾಡಿ, ಬೀದಿ ಬದಿಯ ಒಲೆ, ಬಕೆಟಿನ ನೀರಲ್ಲಿ ಅದ್ದಿ ತೆಗೆದ ತಟ್ಟೆ, ಚರಂಡಿಗೆ ಬೀಳುವ ಮುಸುರೆ. ಸರಕಾರ 1968-69ರಲ್ಲಿ ಆ ಮಾರಾಟಗಾರರನ್ನೆಲ್ಲ ನೋಂದಣಿ ಮಾಡಿಸಿತು. 1971ರಿಂದ 1986ರವರೆಗೆ ಒಂದಾದ ಮೇಲೊಂದು ಹಾಕರ್ ಸೆಂಟರ್ ಕಟ್ಟಿ ಅವರನ್ನು ಅಲ್ಲಿಗೆ ತಂದು ಕೂರಿಸಿತು. ಪ್ರತಿ ಅಂಗಡಿಗೆ ನಲ್ಲಿ ನೀರು, ಮೋರಿ, ಬೆಳಕು, ಮೇಲೊಂದು ಸೂರು. ನಡುವೆ ಎಲ್ಲರಿಗೂ ಸೇರಿ ಮೇಜು-ಕುರ್ಚಿ. ಇಂದು ಅಂಥ ಸೆಂಟರುಗಳು ನೂರಕ್ಕೂ ಹೆಚ್ಚು. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಈ ಹಾಕರ್ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲು, 2016ರಲ್ಲಿ, ಅಲ್ಲಿನ ಹಾಕರ್ ಅಂಗಡಿಗಳಿಗೆ ಮಿಶೆಲಿನ್ ತಾರೆ ಬಂದಿತ್ತು. ದೊಡ್ಡ ಪಂಚತಾರಾ ಹೋಟೆಲುಗಳು ಹಂಬಲಿಸುವ ಗೌರವ ಅದು.

ಟೆಕ್ಕಾ ಸೆಂಟರಿನಲ್ಲಿ ಒಬ್ಬ ಮುದುಕ, ತಮಿಳಿನವರು, ನಮ್ಮ ಜತೆ ಮಾತಿಗೆ ಸಿಕ್ಕರು. ಅವರ ತಂದೆ ಬೀದಿಯಲ್ಲಿ ಮಾರುತ್ತಿದ್ದವರು. ಇನ್ಸ್‌ಪೆಕ್ಟರ್ ಬಂದರೆ ಒಲೆ ಸಮೇತ ಗಾಡಿ ತಳ್ಳಿಕೊಂಡು ಓಡುತ್ತಿದ್ದರಂತೆ. "ನನ್ನ ಅಪ್ಪ ಓಡುವುದು ನಿಲ್ಲಿಸಿದ್ದು ಈ ಸೂರಿನ ಕೆಳಗೆ ಬಂದ ಮೇಲೆ" ಎಂದರು. ಮಧ್ಯಾಹ್ನ ಎರಡೂವರೆಗೆ ಅವರು ತಮ್ಮ ಅಂಗಡಿಯ ಸಹಾಯಕನನ್ನು ಕರೆದು, ಗಿರಾಕಿಗಳು ಕೂರುವ ಮೇಜಿನಲ್ಲೇ ಎದುರುಬದುರು ಕೂತು ಉಂಡರು. ನಮ್ಮ ಹಿರಿಯರು ನಮ್ಮ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಕಾನೂನು ಸಡಿಲ ಎಂದು ಯಾರೂ ತಿಳಿಯಬಾರದು. 1997ರಿಂದ ಅಲ್ಲಿ ಪ್ರತಿ ಅಂಗಡಿಯೂ ಶುಚಿತ್ವದ ಎ, ಬಿ, ಸಿ, ಡಿ ದರ್ಜೆಯನ್ನು ಗಿರಾಕಿಗೆ ಕಾಣುವ ಹಾಗೆ ತೂಗು ಹಾಕಬೇಕಿತ್ತು. ನಾವು ಹೋದ ಮೂರೂ ಸಲ ಆ ಬೋರ್ಡುಗಳನ್ನು ನೋಡಿದೆವು. ತಪ್ಪಿಗೆ ಅಂಕ. ಹನ್ನೆರಡು ತಿಂಗಳಲ್ಲಿ ಹನ್ನೆರಡು ಅಂಕ ತುಂಬಿದರೆ ಲೈಸೆನ್ಸ್ ಕೆಲವು ವಾರ ಅಮಾನತು. ಯಾವ ತಪ್ಪಿಗೆ ಎಷ್ಟು ಅಂಕ ಎಂಬುದು ಮೊದಲೇ ಬರೆದಿಟ್ಟದ್ದು, ಚೌಕಾಸಿಗೆ ಜಾಗ ಇಲ್ಲ. ಲೈಸೆನ್ಸಿನ ವಿಷಯದಲ್ಲಿ ನಮಗೆ ಬೇಕಾದದ್ದು ಇಷ್ಟೇ ಅಲ್ಲವೆ? ಕಠಿಣವಾಗಿರಲಿ, ಆದರೆ ಎಲ್ಲರಿಗೂ ಒಂದೇ ಇರಲಿ. 2021ರ ಸೆಪ್ಟೆಂಬರಿನಿಂದ ಗಿರಾಕಿ ತಿಂದ ತಟ್ಟೆಯನ್ನು ತಾನೇ ಎತ್ತಿಡಬೇಕು ಎಂಬ ನಿಯಮವನ್ನೂ ಜಾರಿ ಮಾಡಿದರು. ನಮ್ಮ ಗಿರಾಕಿಗೆ ಹೀಗೆ ಹೇಳಿದರೆ ಅಂದೇ ಹೋಟೆಲು ಬಾಗಿಲು ಹಾಕಬೇಕಾದೀತು!

ಎಲ್ಲವೂ ಚೆನ್ನ ಎಂದೇನಿಲ್ಲ. ಅಂಗಡಿಯವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ, ಮಕ್ಕಳು ಆಫೀಸು ಕೆಲಸಕ್ಕೆ ಹೋಗಿದ್ದಾರೆ. ಆ ಮುದುಕರ ಮಗನೂ ಬ್ಯಾಂಕಿನಲ್ಲಿ. "ನನ್ನ ನಂತರ ಯಾರು?" ಎಂದು ಅವರು ಕೇಳಿದಾಗ ನಾವು ನಾಲ್ವರೂ ನಮ್ಮ ನಮ್ಮ ಮನೆ ನೆನಪಿಸಿಕೊಂಡೆವು.

ದುಬಾಯಿ: ಹಿಡಿಸದೆ ಹೋದದ್ದು

ಇದನ್ನು ಬರೆಯಬೇಕೋ ಬೇಡವೋ ಎಂದು ನಮ್ಮಲ್ಲೇ ಚರ್ಚೆಯಾಯಿತು. ನಮ್ಮ ಕರಾವಳಿಯ ಸಾವಿರಾರು ಮನೆಗಳ ಹಂಚಿನ ಮಾಡು ತಾರಸಿಯಾದದ್ದು ಗಲ್ಫಿನ ದುಡ್ಡಿನಿಂದ. ನಮ್ಮ ಅಕ್ಕ-ತಂಗಿಯರ ಮದುವೆಯಾದದ್ದೂ ಅದರಿಂದಲೇ. ಆ ಋಣ ಮರೆತು ಬರೆಯುತ್ತಿಲ್ಲ.

2023ರ ಫೆಬ್ರವರಿಯಲ್ಲಿ ಗಲ್ಫುಡ್ ಮೇಳಕ್ಕೆ ಹೋಗಿದ್ದೆವು. ನಿಜವಾದ ಉದ್ದೇಶ ಬೇರೆ, ಕರಾಮಾ ಕಡೆ ಒಂದು ಜಾಗ ನೋಡುವುದು. ಮೊದಲೆಲ್ಲ ಅಲ್ಲಿ ಪೇಟೆಯೊಳಗೆ ಹೋಟೆಲು ಹಾಕಬೇಕಾದರೆ 51 ಪರ್ಸೆಂಟ್ ಪಾಲು ಸ್ಥಳೀಯರ ಹೆಸರಲ್ಲಿ ಇರಬೇಕಿತ್ತು. 2021ರಲ್ಲಿ ಕಾನೂನು ಬದಲಾಗಿ ಹೆಚ್ಚಿನ ವ್ಯವಹಾರಗಳಲ್ಲಿ ಪೂರ್ತಿ ಪಾಲು ನಮ್ಮದೇ ಇಟ್ಟುಕೊಳ್ಳುವ ಅವಕಾಶ ಬಂತು. 2018ರಿಂದ 5 ಪರ್ಸೆಂಟ್ ವ್ಯಾಟ್ ಇದೆ. ವರ್ಷದ ಲಾಭ 3,75,000 ದಿರಹಮ್ ದಾಟಿದರೆ ಮೇಲಿನದ್ದಕ್ಕೆ 9 ಪರ್ಸೆಂಟ್ ತೆರಿಗೆ 2023ರ ಜೂನಿನಿಂದ ಬರಲಿದೆ ಎಂದು ಆಗಲೇ ತಿಳಿದಿತ್ತು. ಲೆಕ್ಕ ಹಾಕಿದರೆ ಎಲ್ಲ ಕೂಡಿ ಬರುತ್ತಿತ್ತು. ರಸ್ತೆ ಚೆನ್ನ, ಕರೆಂಟು ಹೋಗುವುದಿಲ್ಲ, ಗಿರಾಕಿ ನಮ್ಮವರೇ. ನಾವು ಮುಂಗಡ ಕೊಡುವುದೊಂದು ಬಾಕಿ.

ಅಂದು ರಾತ್ರಿ ಒಬ್ಬ ಪರಿಚಯದ ಹೋಟೆಲ್ ಮಾಲಕರು ಊಟಕ್ಕೆ ಕರೆದಿದ್ದರು. ನಮ್ಮ ಜಿಲ್ಲೆಯವರೇ. ನೀರುದೋಸೆ, ಕಡ್ಲೆ ಗಸಿ, ಹಲಸಿನ ಹಪ್ಪಳ, ಊರಿನದ್ದೇ ಊಟ. ಕೈ ತೊಳೆಯಲು ಹಿಂದಿನ ಬಾಗಿಲ ಕಡೆ ಹೋದಾಗ ಪಾತ್ರೆ ತೊಳೆಯುತ್ತಿದ್ದ ಹುಡುಗ ತಲೆ ಎತ್ತಿ ನೋಡಿದ. ನಮ್ಮ ಚೆಂಬೂರಿನ ಹೋಟೆಲಿನಲ್ಲಿ ಆರು ವರ್ಷ ಇದ್ದು, "ದುಬಾಯಿಯಲ್ಲಿ ಮೆನೇಜರ್ ಕೆಲಸ ಆಯಿತು" ಎಂದು ಸಿಹಿ ಹಂಚಿ ಹೋಗಿದ್ದ ಕುಂದಾಪುರ ಕಡೆಯ ಹುಡುಗ.

"ಎಂತ ಮಾರಾಯ, ಮೆನೇಜರ್ ಅಲ್ವಾ ನೀನು?" ಎಂದು ಕೇಳಿದರೆ ನಗಲು ನೋಡಿದ, ಆಗಲಿಲ್ಲ. ಏಜೆಂಟನಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ಕೊಟ್ಟಿದ್ದನಂತೆ, ಬಡ್ಡಿಗೆ ತಂದು. ಬಂದ ಮೇಲೆ ಪಾತ್ರೆ ತೊಳೆಯುವ ಕೆಲಸ, ದಿನಕ್ಕೆ ಹದಿನಾಲ್ಕು ಗಂಟೆ, ಒಂದು ಕೋಣೆಯಲ್ಲಿ ಎಂಟು ಜನ. ಊರಲ್ಲಿ ತಾಯಿಗೆ ಕಾಯಿಲೆ ಎಂದು ಫೋನು ಬಂದು ಹದಿನೆಂಟು ದಿನವಾಗಿತ್ತು.

"ಮನಿಗೆ ಹೋಪುಕೆ ಆತಿಲ್ಲ ಅಣ್ಣ. ಪಾಸ್‌ಪೋರ್ಟ್ ಅವ್ರ ಕೈಯಗ್ ಇತ್ತ್" ಎಂದ. ಅವನ ಊಟ? ಅದೇ ಸಿಂಕಿನ ಪಕ್ಕ, ಎಣ್ಣೆಯ ಡಬ್ಬದ ಮೇಲೆ ಒಂದು ತಟ್ಟೆ ಮುಚ್ಚಿಟ್ಟಿತ್ತು. ನಾವು ಅಷ್ಟು ಹೊತ್ತು ಉಂಡಿದ್ದ ನೀರುದೋಸೆ ಆಗ ಗಂಟಲಿಗೆ ಬಂದ ಹಾಗಾಯಿತು.

ಮರುದಿನ ಬೆಳಿಗ್ಗೆ ಮಾಲಕರ ಹತ್ತಿರ ಹೋಗಿ ಮಾತಾಡಿದೆವು. ಜಗಳಕ್ಕಲ್ಲ. ಆ ದೇಶದ ಕಾನೂನು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. 2021ರ ಕಾರ್ಮಿಕ ಕಾನೂನು 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಕೆಲಸಗಾರನ ದಾಖಲೆ ಮಾಲಕ ಹಿಡಿದಿಟ್ಟುಕೊಳ್ಳಬಾರದು ಎಂದು ಅದರ 13ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕೆಂಬ ವ್ಯವಸ್ಥೆ 2009ರಿಂದ ಇದೆ. ಭಾರತದ ಪಾಸ್‌ಪೋರ್ಟ್ ಎಂಬುದು 1967ರ ನಮ್ಮ ಕಾಯಿದೆಯ ಪ್ರಕಾರ ಕೇಂದ್ರ ಸರಕಾರದ ಸ್ವತ್ತು. ಮಾಲಕರು ಎಲ್ಲ ಕೇಳಿದರು. ಆಮೇಲೆ ಶಾಂತವಾಗಿ ಹೇಳಿದರು:

"ಪಾಸ್‌ಪೋರ್ಟ್ ಕೊಟ್ಟರೆ ಪಕ್ಕದ ಹೋಟೆಲಿನವ ನೂರು ದಿರಹಮ್ ಹೆಚ್ಚು ತೋರಿಸಿ ಎಳೆದುಕೊಂಡು ಹೋಗುತ್ತಾನೆ. ವೀಸಾ ಖರ್ಚು ನನ್ನದು. ಇರಲಿ, ನೀವು ಮುಂಬಯಿಯಲ್ಲಿ ನಿಮ್ಮ ಹುಡುಗರ ಒರಿಜಿನಲ್ ಕಾಗದ ಎಲ್ಲಿಟ್ಟಿದ್ದೀರಿ, ಹೇಳಿ?"

ನಾಲ್ವರಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಹುಡುಗನಿಗೆ ಎರಡು ದಿನದಲ್ಲಿ ಪಾಸ್‌ಪೋರ್ಟ್ ಸಿಕ್ಕಿತು, ಟಿಕೆಟು ನಾವು ತೆಗೆದುಕೊಟ್ಟೆವು. ಊರಿಗೆ ಹೋದ. ತಾಯಿಯನ್ನು ಜೀವಂತ ನೋಡಿದ, ಅಷ್ಟು ಮಟ್ಟಿಗೆ ದೇವರು ದೊಡ್ಡವನು. ಕರಾಮಾದ ಜಾಗಕ್ಕೆ ನಾವು ಮುಂಗಡ ಕೊಡಲಿಲ್ಲ.

ಗಲ್ಲೆಯ ಡ್ರಾಯರು

ಮುಂಬಯಿಗೆ ಬಂದ ಮೇಲೆ ನಾಲ್ವರೂ ನಮ್ಮ ನಮ್ಮ ಗಲ್ಲೆಯ ಕೆಳಗಿನ ಡ್ರಾಯರು ತೆರೆದು ನೋಡಿದೆವು. ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡು, ಒಬ್ಬನ ಡ್ರೈವಿಂಗ್ ಲೈಸೆನ್ಸ್. ಎಲ್ಲ ಒರಿಜಿನಲ್, ನಾಲ್ಕು ಹೋಟೆಲಿನದ್ದು ಸೇರಿ ಇಪ್ಪತ್ತಮೂರು ಹುಡುಗರದ್ದು. ಕೆಲವನ್ನು ಅವರೇ "ಇಲ್ಲಿರಲಿ ಅಣ್ಣ, ನಮ್ಮ ರೂಮಲ್ಲಿ ಕಳೆದು ಹೋಗುತ್ತದೆ" ಎಂದು ಕೊಟ್ಟದ್ದು. ಕೆಲವನ್ನು ನಾವೇ ಕೇಳಿ ಪಡೆದದ್ದು. ಯಾಕೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬಕ್ಕೆ ಊರಿಗೆ ಹೋದ ಹುಡುಗ ಹಿಂದಿರುಗಿ ಬರುತ್ತಾನೋ ಇಲ್ಲವೋ ಎಂಬ ಹೆದರಿಕೆ ಯಾವ ಹೋಟೆಲಿನವನಿಗೆ ಇಲ್ಲ?

ಎಲ್ಲರನ್ನೂ ಕರೆದು ಅವರವರ ಕಾಗದ ಅವರವರ ಕೈಗೆ ಕೊಟ್ಟೆವು. ನಮಗೆ ಬೇಕಾದ ಜೆರಾಕ್ಸ್ ಇಟ್ಟುಕೊಂಡೆವು. ಪೋಟ್‌ಮಾಳಾದಲ್ಲಿ ಮಲಗುವವರಿಗೆ ಬೀಗ ಇರುವ ಕಬ್ಬಿಣದ ಪೆಟ್ಟಿಗೆ ಒಂದೊಂದು ತಂದೆವು. ಹುಡುಗರ ಊಟಕ್ಕೆ ಹನ್ನೊಂದೂವರೆ ಎಂದು ಸಮಯ ನಿಗದಿ ಮಾಡಿದೆವು, ಮಧ್ಯಾಹ್ನದ ಗಿರಾಕಿ ಬರುವ ಮೊದಲು, ಒಳಗಿನ ಮೇಜಿನಲ್ಲಿ, ಬಿಸಿಬಿಸಿ.

ಸುಳ್ಳು ಹೇಳುವುದಿಲ್ಲ, ಮರು ತಿಂಗಳೇ ನಾಲ್ಕು ಜನ ಬಿಟ್ಟು ಹೋದರು. ಅದರಲ್ಲಿ ಒಬ್ಬ ನಮ್ಮ ಒಳ್ಳೆಯ ದೋಸೆ ಭಟ್ಟ. ಆ ಎರಡು ವಾರ ನಮ್ಮಲ್ಲೊಬ್ಬರು ಸ್ವತಃ ಕಾವಲಿಯ ಮುಂದೆ ನಿಂತು ದೋಸೆ ಹುಯ್ದರು. "ಇದೆಲ್ಲ ಬೇಕಿತ್ತಾ?" ಎಂದು ಮನೆಯವರು ಕೇಳಿದರು. ಉಳಿದ ಹತ್ತೊಂಬತ್ತು ಮಂದಿ ಮಾತ್ರ ಉಳಿದರು, ಇವತ್ತಿಗೂ ಅವರಲ್ಲಿ ಹೆಚ್ಚಿನವರು ಇದ್ದಾರೆ. ಬಿಟ್ಟು ಹೋದ ದೋಸೆ ಭಟ್ಟ ಒಂದು ವರ್ಷದ ಮೇಲೆ ತಾನಾಗಿ ಬಂದು ಕೆಲಸ ಇದೆಯಾ ಎಂದು ಕೇಳಿದ. ಇತ್ತು.

ಹಾಗಾದರೆ ಹಿಡಿಸದ ದೇಶ ದುಬಾಯಿಯೇ? ಆ ರಾತ್ರಿ ನಮಗೆ ಹಿಡಿಸಲಿಲ್ಲ, ಆ ಎಣ್ಣೆ ಡಬ್ಬ ನೆನಪಾದರೆ ಇವತ್ತಿಗೂ ಅಲ್ಲಿಗೆ ಹೋಗಲು ಮನಸ್ಸಾಗುವುದಿಲ್ಲ. ಆದರೆ ಆ ದೇಶ ಒಳ್ಳೆಯ ಕಾನೂನನ್ನೇ ಬರೆದಿಟ್ಟಿತ್ತು. ಅದನ್ನು ಮುರಿದದ್ದು ನಮ್ಮೂರಿನ ಬಂಧು. ಹಾಗೆ ನೋಡಿದರೆ ನಮ್ಮ ಡ್ರಾಯರೂ ಅದೇ ದೇಶಕ್ಕೆ ಸೇರಿದ್ದಾಗಿತ್ತು.

ಹೊರಡುವ ಬಂಧುಗಳಿಗೆ ನಾಲ್ಕು ಮಾತು

ವ್ಯಾಪಾರಕ್ಕೆಂದು ವಿದೇಶಕ್ಕೆ ಹೋಗುವ ಸದಸ್ಯರಿಗೆ, ನಮ್ಮ ದುಡ್ಡು ಕಳೆದು ಕಲಿತದ್ದನ್ನು ಬಿಟ್ಟಿಯಾಗಿ ಕೊಡುತ್ತಿದ್ದೇವೆ.

ಒಂದು: ಸ್ಟೀಲಿನ ಮಾಲಿಗೆ ಗ್ರೇಡು, ದಪ್ಪ, ಬೆಸುಗೆಯ ಬಗೆ ಎಲ್ಲವನ್ನೂ ಆರ್ಡರಿನಲ್ಲಿ ಬರೆಸಿ. ಉಳಿದ ಹಣ ಕೊಡುವ ಮೊದಲು ಮಾಲು ಪರೀಕ್ಷೆ ಮಾಡಿಸಿ. ತರುವ ಸಾಮಾನಿಗೆ ಬಿ.ಐ.ಎಸ್. ಗುರುತು ಬೇಕೇ ಎಂದು ಮೊದಲೇ ಕ್ಲಿಯರಿಂಗ್ ಏಜೆಂಟರನ್ನು ಕೇಳಿ.

ಎರಡು: ಯಂತ್ರದ ಹಿಂದಿನ ತಗಡು ಓದಿ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್. ಜಪಾನಿನ 100, ಅಮೆರಿಕದ 120 ವೋಲ್ಟಿನ ಯಂತ್ರ ಇಲ್ಲಿ ಹಾಗೆಯೇ ಓಡುವುದಿಲ್ಲ.

ಮೂರು: ನಿಮ್ಮ ಹುಡುಗ ಯಾರಾದರೂ ಗಲ್ಫಿಗೆ ಹೊರಟರೆ ಸಿಹಿ ತಿಂದು ಕಳುಹಿಸಿಬಿಡಬೇಡಿ. ಏಜೆಂಟನ ಹೆಸರು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ನೋಡಿ. 1983ರ ವಲಸೆ ಕಾಯಿದೆಯ ನಿಯಮದ ಪ್ರಕಾರ ಏಜೆಂಟ್ ಹುಡುಗನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಗಲ್ಫಿನ ಕೆಲಸಕ್ಕೆ ವಲಸೆ ಅನುಮತಿ ಬೇಕು. ಅದರ ಜತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಬರುತ್ತದೆ. "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ನೋಡೋಣ" ಎನ್ನುವ ಏಜೆಂಟನನ್ನು ನಂಬುವುದು ಬೇಡ.

ನಾಲ್ಕು: ಎಲ್ಲಿಗೆ ಹೋದರೂ ಅಲ್ಲಿನ ಹೋಟೆಲಿನ ಹಿಂದಿನ ಬಾಗಿಲಿಗೆ ಒಮ್ಮೆ ಹೋಗಿ, ಕೆಲಸದವರು ಎಲ್ಲಿ ಕೂತು ಉಣ್ಣುತ್ತಾರೆ ಎಂದು ನೋಡಿ ಬನ್ನಿ. ಬಂದ ಮೇಲೆ ನಿಮ್ಮದೂ ನೋಡಿಕೊಳ್ಳಿ.

ಮುಂದಿನ ಅಕ್ಟೋಬರಿನಲ್ಲಿ ಮತ್ತೆ ಕ್ಯಾಂಟನ್ ಮೇಳಕ್ಕೆ ಹೋಗುವ ಯೋಚನೆ ನಮ್ಮದು. ಜತೆಗೆ ಬರುವವರಿದ್ದರೆ ಸಂಘದ ಕಚೇರಿಯಲ್ಲಿ ಹೆಸರು ಕೊಡಿ. ಈ ಸಲ ಆಯಸ್ಕಾಂತ ಮನೆಯಲ್ಲಿಟ್ಟು ಆ ಚಿಕ್ಕ ಕಿಟ್ಟು ತೆಗೆದುಕೊಂಡು ಹೋಗುತ್ತೇವೆ.